ಹೊಸ ಕಂಪ್ಯೂಟರಿಗೆ ಹಳೆಯ ಯುಎಸ್‌ಬಿ ಪ್ರಿಂಟರ್: ಡ್ರೈವರ್ ಹಾಕಿದರೂ ಪ್ರಿಂಟ್ ಬರುತ್ತಿಲ್ಲ

ಸಾಗರ ಡಿಟಿಪಿ

ಎಲ್ಲರಿಗೂ ನಮಸ್ಕಾರ. ಸಾಗರದಲ್ಲಿ ನನ್ನದೊಂದು ಸಣ್ಣ ಝೆರಾಕ್ಸ್ ಅಂಗಡಿ ಇದೆ, ಜೊತೆಗೆ ಡಿಟಿಪಿ ಕೆಲಸ. ಪಹಣಿ, ಆಧಾರ್, ಹಾಲ್ ಟಿಕೆಟ್, ಸ್ಕಾಲರ್‌ಶಿಪ್ ಅರ್ಜಿ, ಏನೇ ಇದ್ದರೂ ಒಂದೇ ಪ್ರಿಂಟರಿನಿಂದ ಹೊರಗೆ ಬರಬೇಕು. ಪ್ರಿಂಟರ್ ಕ್ಯಾನನ್ ಎಲ್‌ಬಿಪಿ 2900. ಹನ್ನೆರಡು ವರ್ಷ ಆಯಿತು, ಮೊನ್ನೆಯವರೆಗೂ ಒಂದು ದಿನ ಕೈಕೊಟ್ಟಿದ್ದಿಲ್ಲ. ಹಾಗಾಗಿ ತೊಂದರೆ ಪ್ರಿಂಟರಿನದಲ್ಲ ಎಂದು ನನಗೆ ಗೊತ್ತು.

ಹಳೆಯ ಕಂಪ್ಯೂಟರ್ ವಿಂಡೋಸ್ 7, 32 ಬಿಟ್. ಅದರ ಮದರ್‌ಬೋರ್ಡ್ ಹೋಯಿತು. ಸಾಲ ಮಾಡಿ ಹೊಸದು ತಂದೆ, ಅದರಲ್ಲಿ ವಿಂಡೋಸ್ 11 ಇದೆ. ತಂದ ಕೂಡಲೇ ಪ್ರಿಂಟರಿನ ಕೇಬಲ್ ಚುಚ್ಚಿದೆ. ಟಿಣ್ ಅಂತ ಶಬ್ದ ಬಂತು, ಆಮೇಲೆ ಏನೂ ಇಲ್ಲ. ಡಿವೈಸ್ ಮ್ಯಾನೇಜರ್ ತೆರೆದರೆ ಹಳದಿ ತ್ರಿಕೋನದ ಗುರುತು. ಪ್ರಿಂಟರ್ ಜೊತೆ ಬಂದಿದ್ದ ಸಿಡಿ ಜೋಪಾನವಾಗಿ ಇಟ್ಟಿದ್ದೆ, ಆದರೆ ಹೊಸ ಕಂಪ್ಯೂಟರಿಗೆ ಸಿಡಿ ಡ್ರೈವೇ ಇಲ್ಲ. ಗೆಳೆಯನ ಹತ್ತಿರ ಹೊರಗಿನಿಂದ ಜೋಡಿಸುವ ಡ್ರೈವ್ ತಂದು ಹಾಕಿದರೆ, ಈ ಸಿಸ್ಟಂಗೆ ಇದು ಆಗುವುದಿಲ್ಲ ಎಂದು ಬರೆದು ನಿಂತುಬಿಟ್ಟಿತು. ಡ್ರೈವರ್, ಅಂದರೆ ಕಂಪ್ಯೂಟರ್ ಪ್ರಿಂಟರನ್ನು ನಡೆಸಲು ಬೇಕಾದ ಸಾಫ್ಟ್‌ವೇರ್, ಗೂಗಲ್‌ನಲ್ಲಿ ಹುಡುಕಿ ಮೊದಲು ಸಿಕ್ಕಿದ ಸೈಟಿನಿಂದ ಒಂದನ್ನು ಇಳಿಸಿದೆ. ಅದು ಡ್ರೈವರ್ ಅಲ್ಲ, ಡ್ರೈವರ್ ಹುಡುಕಿ ಕೊಡುತ್ತೇವೆ ಎನ್ನುವ ಬೇರೆ ಏನೋ ಸಾಫ್ಟ್‌ವೇರ್. ಸ್ಕ್ಯಾನ್ ಮಾಡಿ, ನಿಮ್ಮ ಕಂಪ್ಯೂಟರಿನಲ್ಲಿ ಬಹಳ ಸಮಸ್ಯೆ ಇದೆ, ದುಡ್ಡು ಕಟ್ಟಿ ಎಂದಿತು. ಅದನ್ನು ತೆಗೆದು ಹಾಕಿದೆ.

ಕೊನೆಗೆ ಕಂಪನಿಯ ಸೈಟಿಗೇ ಹೋಗಿ ಡ್ರೈವರ್ ಇಳಿಸಿ ಹಾಕಿದೆ. ಅರ್ಧ ದಾರಿಯಲ್ಲಿ ಕೇಬಲ್ ಜೋಡಿಸಿ ಪ್ರಿಂಟರ್ ಆನ್ ಮಾಡಿ ಎಂಬ ಕಿಟಕಿ ಬಂತು. ಕೇಬಲ್ ಮೊದಲೇ ಜೋಡಿಸಿತ್ತಲ್ಲ, ಅಲ್ಲೇ ಇಪ್ಪತ್ತು ನಿಮಿಷ ನಿಂತಿತು. ಕ್ಯಾನ್ಸಲ್ ಕೊಟ್ಟೆ. ಇನ್ನೊಂದು ಸಲ ಹಾಕಿದೆ. ಈಗ ಪ್ರಿಂಟರ್ ಪಟ್ಟಿಯಲ್ಲಿ ಒಂದೇ ಪ್ರಿಂಟರ್ ಎರಡು ಸಲ ಇದೆ, ಎರಡನೆಯದರ ಹೆಸರಿನ ಮುಂದೆ ಕಾಪಿ 1 ಎಂದಿದೆ. ಯಾವುದಕ್ಕೆ ಕೊಟ್ಟರೂ ಕ್ಯೂನಲ್ಲಿ ಎರರ್ ಎಂದು ಕೂರುತ್ತದೆ, ಅಳಿಸಿದರೂ ಹೋಗುವುದಿಲ್ಲ.

ನಾಳಿದ್ದು ಒಂದು ಅರ್ಜಿಯ ಕೊನೆ ದಿನ. ಹಳ್ಳಿಗಳಿಂದ ಮಕ್ಕಳು ಬಸ್ ಹತ್ತಿ ಬರುತ್ತಾರೆ, ಅವರನ್ನು ಬೇರೆ ಅಂಗಡಿಗೆ ಕಳಿಸಲು ಮನಸ್ಸು ಬರುವುದಿಲ್ಲ. ಹೊಸ ಪ್ರಿಂಟರ್ ಕೊಳ್ಳುವ ಸ್ಥಿತಿಯಲ್ಲಿ ಈಗ ನಾನಿಲ್ಲ. 32 ಬಿಟ್ ಹಾಕಬೇಕೋ 64 ಬಿಟ್ ಹಾಕಬೇಕೋ ಎಂಬುದೂ ಗೊಂದಲ. ಗೊತ್ತಿದ್ದವರು ದಯವಿಟ್ಟು ಹೇಳಿ.

ದಾವಣಗೆರೆ ರಿಪೇರಿ

ಗಾಬರಿ ಆಗಬೇಡಿ, ಇವತ್ತೇ ಸರಿ ಆಗುತ್ತದೆ. ನಾನು ಪ್ರಿಂಟರ್ ರಿಪೇರಿ ಮಾಡುವವನು, ಈ ಮಾಡೆಲ್ ಎಷ್ಟು ಬಿಚ್ಚಿ ಕೂರಿಸಿದ್ದೇನೆ ಲೆಕ್ಕ ಇಲ್ಲ. ನಿಮ್ಮದು ಡ್ರೈವರ್ ಸಿಗದ ತೊಂದರೆ ಅಲ್ಲ. ಕೇಬಲ್ ಮೊದಲು, ಡ್ರೈವರ್ ಆಮೇಲೆ ಆಯಿತು, ಅದೇ ತೊಂದರೆ.

ಕೇಬಲ್ ಚುಚ್ಚಿದ ಕೂಡಲೇ ವಿಂಡೋಸ್ ಆ ಪ್ರಿಂಟರನ್ನು ನೀನು ಯಾರು ಎಂದು ಕೇಳುತ್ತದೆ. ಅದು ತನ್ನ ಹೆಸರು ಹೇಳುತ್ತದೆ. ವಿಂಡೋಸ್ ತನ್ನ ಹತ್ತಿರ ಇರುವ ಡ್ರೈವರುಗಳಲ್ಲಿ ಆ ಹೆಸರು ಹುಡುಕುತ್ತದೆ, ಸಿಗದಿದ್ದರೆ ಗೊತ್ತಿಲ್ಲದ ಸಾಮಾನು ಎಂದು ಬರೆದುಕೊಂಡು ಹಳದಿ ಗುರುತು ಹಾಕಿ ಸುಮ್ಮನಾಗುತ್ತದೆ. ಆಮೇಲೆ ನೀವು ಸೆಟಪ್ ಓಡಿಸಿದಾಗ, ಆ ಸೆಟಪ್ ಕಾಯುವುದು ಹೊಸದಾಗಿ ಕೇಬಲ್ ಚುಚ್ಚುವ ಗಳಿಗೆಯನ್ನು. ನಿಮ್ಮದು ಆಗಲೇ ಚುಚ್ಚಿದೆ, ಹಳದಿ ಗುರುತಿನ ಹೆಸರಿನಲ್ಲಿ ಕೂತಿದೆ. ಅದು ಅಲ್ಲಿ ಕಾಯುತ್ತದೆ, ಇದು ಇಲ್ಲಿ ಕಾಯುತ್ತದೆ.

64 ಬಿಟ್ ಡ್ರೈವರೇ ಬೇಕು. ವಿಂಡೋಸ್ 11ರಲ್ಲಿ 32 ಬಿಟ್ ಎನ್ನುವುದೇ ಇಲ್ಲ, ಹಾಗಾಗಿ ಯೋಚನೆ ಬೇಡ. ಹಳೆಯ ಸಿಡಿ ಪೆಟ್ಟಿಗೆಯಲ್ಲೇ ಇರಲಿ.

ಈಗ ಹೀಗೆ ಮಾಡಿ. ಮೊದಲು ಕೇಬಲ್ ಕೀಳಿ, ಪ್ರಿಂಟರ್ ಆಫ್ ಮಾಡಿ. ಕ್ಯೂನಲ್ಲಿ ಅಂಟಿಕೊಂಡದ್ದನ್ನು ತೆಗೆಯಬೇಕು. ಸ್ಟಾರ್ಟ್‌ನಲ್ಲಿ ಸರ್ವಿಸಸ್ ಎಂದು ಹುಡುಕಿ ತೆರೆಯಿರಿ, ಪ್ರಿಂಟ್ ಸ್ಪೂಲರ್ ಎಂಬ ಸಾಲು ಸಿಗುತ್ತದೆ (ಕ್ಯೂನಲ್ಲಿರುವ ಪ್ರಿಂಟುಗಳನ್ನು ನೋಡಿಕೊಳ್ಳುವುದು ಅದೇ), ಅದರ ಮೇಲೆ ಬಲ ಕ್ಲಿಕ್ ಮಾಡಿ ಸ್ಟಾಪ್ ಕೊಡಿ. ಸಿ ಡ್ರೈವಿನಲ್ಲಿ ವಿಂಡೋಸ್, ಅದರೊಳಗೆ ಸಿಸ್ಟಮ್32, ಅದರೊಳಗೆ ಸ್ಪೂಲ್, ಅದರೊಳಗೆ ಪ್ರಿಂಟರ್ಸ್ ಫೋಲ್ಡರ್. ಆ ಕೊನೆಯ ಫೋಲ್ಡರಿನ ಒಳಗಿರುವ ಫೈಲುಗಳನ್ನು ಮಾತ್ರ ಅಳಿಸಿ, ಫೋಲ್ಡರನ್ನೇ ಅಳಿಸಬೇಡಿ. ನೀವು ಕೊಟ್ಟ ಪ್ರತಿ ಪ್ರಿಂಟಿಗೂ ಅಲ್ಲಿ ಎರಡು ಫೈಲ್ ಕೂತಿರುತ್ತವೆ, ಒಂದರಲ್ಲಿ ಪುಟ, ಇನ್ನೊಂದರಲ್ಲಿ ಅದು ಯಾರದು, ಎಲ್ಲಿಗೆ ಹೋಗಬೇಕು ಎನ್ನುವ ವಿವರ. ಅಳಿಸಿ ಸ್ಪೂಲರನ್ನು ಮತ್ತೆ ಸ್ಟಾರ್ಟ್ ಮಾಡಿ.

ಆಮೇಲೆ ಸೆಟ್ಟಿಂಗ್ಸ್, ಬ್ಲೂಟೂತ್ ಆ್ಯಂಡ್ ಡಿವೈಸಸ್, ಪ್ರಿಂಟರ್ಸ್ ಆ್ಯಂಡ್ ಸ್ಕ್ಯಾನರ್ಸ್. ಅಲ್ಲಿ ಎರಡೂ ಪ್ರಿಂಟರನ್ನು ರಿಮೂವ್ ಮಾಡಿ. ಇಲ್ಲಿಗೇ ನಿಲ್ಲಿಸುವವರೇ ಜಾಸ್ತಿ. ಪಟ್ಟಿಯಿಂದ ಹೆಸರು ಹೋದರೂ ಡ್ರೈವರಿನ ಫೈಲುಗಳು ಒಳಗೇ ಇರುತ್ತವೆ, ಮುಂದಿನ ಸಲ ಅದೇ ಅರೆಬರೆ ಡ್ರೈವರ್ ಎದ್ದು ಬರುತ್ತದೆ. ಅದೇ ಪುಟದ ಕೆಳಗಡೆ ಪ್ರಿಂಟ್ ಸರ್ವರ್ ಪ್ರಾಪರ್ಟೀಸ್ ಇದೆ. ತೆರೆದು ಡ್ರೈವರ್ಸ್ ಟ್ಯಾಬಿಗೆ ಹೋಗಿ, ನಿಮ್ಮ ಪ್ರಿಂಟರಿನ ಹೆಸರು ಆರಿಸಿ, ರಿಮೂವ್ ಒತ್ತಿ. ಎರಡು ಆಯ್ಕೆ ಕೇಳುತ್ತದೆ. ಡ್ರೈವರ್ ಆ್ಯಂಡ್ ಡ್ರೈವರ್ ಪ್ಯಾಕೇಜ್ ಎನ್ನುವುದನ್ನು ಆರಿಸಿ. ಡ್ರೈವರ್ ಬಳಕೆಯಲ್ಲಿದೆ ಎಂದು ತಕರಾರು ಮಾಡಿದರೆ, ಸ್ಪೂಲರನ್ನು ಒಮ್ಮೆ ರೀಸ್ಟಾರ್ಟ್ ಮಾಡಿ ತಡ ಮಾಡದೆ ಕೂಡಲೇ ಮತ್ತೆ ರಿಮೂವ್ ಒತ್ತಿ. ಒಂದೆರಡು ಸಲದಲ್ಲಿ ಬಿಡುತ್ತದೆ.

ಡಿವೈಸ್ ಮ್ಯಾನೇಜರಿನಲ್ಲಿ ವ್ಯೂ ಮೆನುವಿನಿಂದ ಶೋ ಹಿಡನ್ ಡಿವೈಸಸ್ ಕೊಟ್ಟರೆ ಹಳದಿ ಗುರುತಿನ ಹಳೆಯ ಸಾಲು ಮಸುಕಾಗಿ ಕಾಣುತ್ತದೆ, ಅದನ್ನೂ ಅನ್‌ಇನ್‌ಸ್ಟಾಲ್ ಮಾಡಿ. ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ. ಈಗ ಕೇಬಲ್ ಇನ್ನೂ ಕೈಯಲ್ಲೇ ಇರಲಿ. ಸೆಟಪ್ ಫೈಲಿನ ಮೇಲೆ ಬಲ ಕ್ಲಿಕ್ ಮಾಡಿ ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್. ಯುಎಸ್‌ಬಿ ಮೂಲಕ ಹಾಕುವ ಆಯ್ಕೆ ಕೊಡಿ, ಪೋರ್ಟ್ ಕೈಯಿಂದ ಆರಿಸುವ ಆಯ್ಕೆ ಬೇಡ. ಕೇಬಲ್ ಜೋಡಿಸಿ ಎಂದು ಅದು ಕೇಳಿದ ಮೇಲೆಯೇ ಜೋಡಿಸಿ, ಪ್ರಿಂಟರ್ ಆನ್ ಮಾಡಿ. ಸಿಪಿಯು ಹಿಂಭಾಗದ ಪೋರ್ಟಿಗೇ ನೇರ ಚುಚ್ಚಿ. ಹಬ್ ಬೇಡ, ಉದ್ದದ ಎಕ್ಸ್‌ಟೆನ್ಷನ್ ಬೇಡ. ಯುಎಸ್‌ಬಿ 2ರ ಕೇಬಲ್ಲಿಗೆ 5 ಮೀಟರ್ ಮಿತಿ, ಅಗ್ಗದ ಕೇಬಲ್ಲಾದರೆ ಅಷ್ಟೂ ಬರುವುದಿಲ್ಲ.

ತುಮಕೂರು ಲೆಕ್ಕಿಗ

ಮೇಲಿನವರು ಹೇಳಿದ್ದು ಸರಿ. ನನಗೊಂದು ಪ್ರಶ್ನೆ ಇದೆ, ಇಲ್ಲೇ ಕೇಳುತ್ತೇನೆ. ನಮ್ಮ ಅಡಿಕೆ ಮಂಡಿಯಲ್ಲಿ ಬಿಲ್ ಹೊಡೆಯುವ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಇದೆ. ಅದಕ್ಕೆ ಜೆನೆರಿಕ್ ಟೆಕ್ಸ್ಟ್ ಓನ್ಲಿ ಎನ್ನುವ ವಿಂಡೋಸಿನದೇ ಡ್ರೈವರ್ ಹಾಕಿದರೂ ಅಕ್ಷರ ಬೀಳುತ್ತದೆ. ಈ ಲೇಸರಿಗೆ ಯಾಕೆ ಆಗುವುದಿಲ್ಲ? ಇದೂ ಪ್ರಿಂಟರೇ ಅಲ್ವಾ?

ದಾವಣಗೆರೆ ರಿಪೇರಿ

ಒಳ್ಳೆಯ ಪ್ರಶ್ನೆ. ಇದು ಗೊತ್ತಾದರೆ ಡ್ರೈವರ್ ಎಂದರೆ ಏನು ಎಂಬುದೇ ಗೊತ್ತಾಗುತ್ತದೆ.

ನಿಮ್ಮ ಡಾಟ್ ಮ್ಯಾಟ್ರಿಕ್ಸಿಗೆ ಇಂಗ್ಲಿಷ್ ಅಕ್ಷರಗಳ ಆಕಾರ ಅದರ ಹೊಟ್ಟೆಯಲ್ಲೇ ಇದೆ. ಕಂಪ್ಯೂಟರ್ ಎ ಎಂಬ ಅಕ್ಷರ ಕಳಿಸಿದರೆ ಸಾಕು, ಎಲ್ಲಿ ಯಾವ ಪಿನ್ ಬಡಿಯಬೇಕು ಎಂದು ಅದೇ ನೋಡಿಕೊಳ್ಳುತ್ತದೆ. ದೊಡ್ಡ ಆಫೀಸಿನ ಲೇಸರ್ ಪ್ರಿಂಟರುಗಳೂ ಹೀಗೇ, ಅವುಗಳಿಗೆ ಪಿಸಿಎಲ್, ಪೋಸ್ಟ್‌ಸ್ಕ್ರಿಪ್ಟ್ ಎಂಬ ಭಾಷೆ ಬರುತ್ತದೆ. ಇಲ್ಲಿ ಗೆರೆ ಎಳೆ, ಇಲ್ಲಿ ಅಕ್ಷರ ಬರೆ ಎಂದರೆ ಒಳಗಿನ ಪ್ರೊಸೆಸರ್ ತಾನೇ ಪುಟ ಕಟ್ಟುತ್ತದೆ.

2900 ಹಾಗಲ್ಲ. ಅದಕ್ಕೆ ಇರುವುದು 2 ಎಂಬಿ ಮೆಮೊರಿ. ಒಂದು ಎ4 ಪುಟವನ್ನು 600 ಡಿಪಿಐನಲ್ಲಿ, ಅಂದರೆ ಇಂಚಿಗೆ 600 ಚುಕ್ಕಿಯಂತೆ, ಬಿಡಿಸಿದರೆ ಬರೀ ಕಪ್ಪು ಬಿಳುಪಿಗೇ 4 ಎಂಬಿ ದಾಟುತ್ತದೆ. ಅಂದರೆ ಒಂದು ಇಡೀ ಪುಟ ಅದರ ತಲೆಯಲ್ಲಿ ಹಿಡಿಯುವುದಿಲ್ಲ. ಪುಟ ಬಿಡಿಸುವ ಕೆಲಸವನ್ನೆಲ್ಲ ನಿಮ್ಮ ಕಂಪ್ಯೂಟರಿನಲ್ಲಿ ಡ್ರೈವರ್ ಮಾಡಿ, ಅದುಮಿ, ಡ್ರಮ್ ತಿರುಗುವ ವೇಗಕ್ಕೆ ತಕ್ಕಂತೆ ಕಳಿಸುತ್ತಾ ಹೋಗುತ್ತದೆ. ಹೀಗಾಗಿಯೇ ಈ ಪ್ರಿಂಟರ್ ಅಗ್ಗ, ಹೀಗಾಗಿಯೇ ಊರೂರ ಅಂಗಡಿಗೆ ಬಂತು. ಡ್ರೈವರ್ ಇಲ್ಲದಿದ್ದರೆ ಇದು ಬರೀ ಗಾಲಿ, ಬೆಳಕು, ಶಾಖ ಅಷ್ಟೇ. ಎಚ್‌ಪಿ ಲೇಸರ್‌ಜೆಟ್ 1020 ಗೊತ್ತಲ್ವಾ, ಅದು ಇನ್ನೂ ಒಂದು ಹೆಜ್ಜೆ ಮುಂದೆ. ಅದರ ಫರ್ಮ್‌ವೇರ್, ಅಂದರೆ ಪ್ರಿಂಟರನ್ನು ಒಳಗಿನಿಂದ ನಡೆಸುವ ಸಾಫ್ಟ್‌ವೇರ್ ಕೂಡ ಒಳಗೆ ಉಳಿಯುವುದಿಲ್ಲ, ಪ್ರತಿ ಸಲ ಆನ್ ಮಾಡಿದಾಗ ಕಂಪ್ಯೂಟರಿನಿಂದಲೇ ಇಳಿಯಬೇಕು.

ಇನ್ನೊಂದು ಮಾತು. ಈ ಪ್ರಿಂಟರ್ ಮತ್ತು ಡ್ರೈವರ್ ಪ್ರಿಂಟ್ ಆಗುವಾಗ ಪೂರ್ತಿ ಮಾತಾಡಿಕೊಳ್ಳುತ್ತಲೇ ಇರುತ್ತವೆ. ಪ್ರಿಂಟರ್ ಪ್ರಾಪರ್ಟೀಸಿನ ಪೋರ್ಟ್ಸ್ ಟ್ಯಾಬಿನಲ್ಲಿ ಬೈಡೈರೆಕ್ಷನಲ್ ಸಪೋರ್ಟ್ ಎಂಬ ಗುರುತು ಇದೆ. ಅದನ್ನು ತೆಗೆದರೆ ಮಾತು ನಿಲ್ಲುತ್ತದೆ, ಪ್ರಿಂಟೂ ನಿಲ್ಲುತ್ತದೆ. ಅಲ್ಲೇ ಮೇಲೆ ಪೋರ್ಟ್ ಯುಎಸ್‌ಬಿ001 ಅಥವಾ 002 ಎಂದು ಗುರುತಾಗಿದೆಯೇ ನೋಡಿ. ಎಲ್‌ಪಿಟಿ1 (ಹಳೆಯ ಕಾಲದ ಪ್ಯಾರಲಲ್ ಪೋರ್ಟ್) ಎಂದಿದ್ದರೆ ಡ್ರೈವರ್ ಎಷ್ಟೇ ಸರಿ ಇದ್ದರೂ ಪುಟ ಎಲ್ಲಿಗೂ ಹೋಗುವುದಿಲ್ಲ.

ಮೈಸೂರಿನವಳು

ನಾನು ಬೇರೆ ಒಂದು ವಿಷಯ ಹೇಳಲೇಬೇಕು. ದಯವಿಟ್ಟು ಯಾರೂ ಹುಡುಕಾಟದಲ್ಲಿ ಮೊದಲು ಕಂಡ ಸೈಟಿನಿಂದ ಡ್ರೈವರ್ ಇಳಿಸಬೇಡಿ, ಅಲ್ಲಿ ಕಾಣುವ ಸಹಾಯವಾಣಿ ನಂಬರಿಗೆ ಫೋನ್ ಮಾಡಬೇಡಿ. ನಮ್ಮ ತಂದೆಗೆ ಆದದ್ದು ಇದೇ. ನಿವೃತ್ತ ಮೇಷ್ಟ್ರು, ಪಿಂಚಣಿಯ ಕಾಗದ ಪ್ರಿಂಟ್ ಮಾಡಬೇಕಿತ್ತು. ಪ್ರಿಂಟರ್ ಹೆಸರಿನ ಜೊತೆ ಕಸ್ಟಮರ್ ಕೇರ್ ಎಂದು ಹುಡುಕಿದ್ದಾರೆ. ಸಿಕ್ಕ ನಂಬರಿಗೆ ಫೋನ್ ಮಾಡಿದರೆ ಆ ಕಡೆಯಿಂದ ಬಹಳ ಮರ್ಯಾದೆಯಿಂದ ಮಾತಾಡಿದ್ದಾರೆ. ಡ್ರೈವರ್ ನಾವೇ ಹಾಕಿಕೊಡುತ್ತೇವೆ ಸರ್, ಈ ಆ್ಯಪ್ ಇಳಿಸಿ, ಒಂಬತ್ತು ಅಂಕಿ ಓದಿ ಹೇಳಿ ಎಂದರಂತೆ. ಪರದೆ ಪೂರ್ತಿ ಅವರ ಕೈಗೆ ಹೋಯಿತು. ಹತ್ತು ರೂಪಾಯಿ ರಿಜಿಸ್ಟ್ರೇಷನ್ ಎಂದು ಕಾರ್ಡಿನ ವಿವರ ಹಾಕಿಸಿಕೊಂಡರು. ಸಂಜೆಯ ಹೊತ್ತಿಗೆ ಖಾತೆಯಿಂದ ಹದಿನೆಂಟು ಸಾವಿರ ಹೋಗಿತ್ತು.

ಹೀಗೆ ಆದರೆ ಒಂದು ನಿಮಿಷವೂ ಕಾಯದೆ 1930ಕ್ಕೆ ಫೋನ್ ಮಾಡಿ. ಸೈಬರ್ ವಂಚನೆಗೆ ಇಡೀ ದೇಶಕ್ಕೆ ಇರುವ ನಂಬರ್ ಅದು. ಬೇಗ ಹೇಳಿದಷ್ಟೂ ದುಡ್ಡನ್ನು ದಾರಿಯಲ್ಲೇ ತಡೆಯುವ ಸಾಧ್ಯತೆ ಜಾಸ್ತಿ. ನಾವು ಮರುದಿನ ಮಾಡಿದೆವು, ಅಷ್ಟರಲ್ಲಿ ತಡವಾಗಿತ್ತು. ಅಪ್ಪ ಈಗಲೂ ಕಂಪ್ಯೂಟರ್ ಮುಟ್ಟಲು ಹಿಂಜರಿಯುತ್ತಾರೆ. ನನಗೆ ದುಡ್ಡಿಗಿಂತ ಅದೇ ಹೆಚ್ಚು ನೋವು.

ಪ್ರಿಂಟರ್ ಕಂಪನಿಯ ಸೈಟಿನಲ್ಲಿ ಡ್ರೈವರಿಗೆ ದುಡ್ಡು ಕೇಳುವುದಿಲ್ಲ. ಎಲ್ಲಿ ದುಡ್ಡು ಕೇಳಿದರೋ ಅದು ತಪ್ಪು ಜಾಗ.

ಸಾಗರ ಡಿಟಿಪಿ

ಪ್ರಿಂಟ್ ಬಂತು!

ರಿಪೇರಿ ಅಣ್ಣ ಹೇಳಿದ ಹಾಗೆಯೇ ಮಾಡಿದೆ. ಪ್ಯಾಕೇಜ್ ರಿಮೂವ್ ಮಾಡುವಾಗ ಬಳಕೆಯಲ್ಲಿದೆ ಎಂದು ಎರಡು ಸಲ ಹೇಳಿತು, ಸ್ಪೂಲರ್ ರೀಸ್ಟಾರ್ಟ್ ಮಾಡಿ ಕೂಡಲೇ ಒತ್ತಿದಾಗ ಮೂರನೆಯ ಸಲ ಹೋಯಿತು. ಕೇಬಲ್ ಕೈಯಲ್ಲಿ ಹಿಡಿದೇ ಸೆಟಪ್ ಓಡಿಸಿದೆ. ಜೋಡಿಸಿ ಎಂದಾಗ ಜೋಡಿಸಿದೆ, ಅರ್ಧ ನಿಮಿಷವೂ ಆಗಲಿಲ್ಲ, ಕಿಟಕಿ ತಾನೇ ಮುಂದಕ್ಕೆ ಹೋಯಿತು. ಟೆಸ್ಟ್ ಪೇಜ್ ಕೊಟ್ಟೆ. ಒಳಗೆ ರೋಲರ್ ತಿರುಗಿದ ಸದ್ದು ಕೇಳಿ ಎದೆ ಹಗುರ ಆಯಿತು. ಬಿಸಿ ಬಿಸಿ ಹಾಳೆ ಕೈಗೆ ಬಂತು.

ಮೈಸೂರಿನ ಅಕ್ಕನವರೇ, ನಿಮ್ಮ ತಂದೆಯವರ ವಿಷಯ ಓದಿ ಬೇಜಾರಾಯಿತು. ನಾನೂ ಅದೇ ದಾರಿಯಲ್ಲಿ ಅರ್ಧ ಹೋಗಿ ಬಂದವನು. ಅಂಗಡಿಯ ಗೋಡೆಗೆ 1930 ಎಂದು ದೊಡ್ಡದಾಗಿ ಪ್ರಿಂಟ್ ಮಾಡಿ ಅಂಟಿಸಿದ್ದೇನೆ.

ಆದರೆ ಇನ್ನೆರಡು ಸಣ್ಣ ತೊಂದರೆ. ಬ್ರೌಸರಿನಿಂದ ಪ್ರಿಂಟ್ ಕೊಟ್ಟರೆ ಕೆಲವೊಮ್ಮೆ ಹಾಳೆ ಬರುವ ಬದಲು ಫೈಲಿಗೆ ಹೆಸರು ಕೊಡಿ ಎಂದು ಕೇಳುತ್ತದೆ. ಮತ್ತೆ, ಗ್ರಾಹಕರು ತಂದ ಒಂದು ಕನ್ನಡ ಪಿಡಿಎಫ್ ಪರದೆಯಲ್ಲಿ ಸರಿಯಾಗಿ ಕಾಣುತ್ತದೆ, ಪ್ರಿಂಟಿನಲ್ಲಿ ಒತ್ತಕ್ಷರಗಳೆಲ್ಲ ಬೇರೆ ಬೇರೆ ಕಡೆ ಬಿದ್ದಿವೆ. ಇದು ಡ್ರೈವರಿನ ತೊಂದರೆಯೇ?

ಉಬುಂಟು ಶಿರಸಿ

ಮೊದಲನೆಯದು ಡ್ರೈವರಿನದಲ್ಲ. ವಿಂಡೋಸಿನಲ್ಲಿ ಡೀಫಾಲ್ಟ್ ಪ್ರಿಂಟರನ್ನು ತಾನೇ ನೋಡಿಕೊಳ್ಳುತ್ತೇನೆ ಎನ್ನುವ ಆಯ್ಕೆ ಇದೆ, ಪ್ರಿಂಟರ್ಸ್ ಆ್ಯಂಡ್ ಸ್ಕ್ಯಾನರ್ಸ್ ಪುಟದಲ್ಲೇ. ಅದು ಆನ್ ಇದ್ದರೆ ಕೊನೆಯ ಸಲ ಬಳಸಿದ್ದೇ ಡೀಫಾಲ್ಟ್ ಆಗುತ್ತದೆ. ನೀವು ಒಮ್ಮೆ ಪ್ರಿಂಟ್ ಟು ಪಿಡಿಎಫ್ ಬಳಸಿ ಪಹಣಿ ಉಳಿಸಿಕೊಂಡಿರುತ್ತೀರಿ, ಮುಂದಿನ ಪ್ರಿಂಟೂ ಅಲ್ಲಿಗೇ ಹೋಗುತ್ತದೆ. ಅದನ್ನು ಆಫ್ ಮಾಡಿ, 2900 ಮೇಲೆ ಕ್ಲಿಕ್ ಮಾಡಿ ಸೆಟ್ ಆ್ಯಸ್ ಡೀಫಾಲ್ಟ್ ಕೊಡಿ. ಬ್ರೌಸರ್ ಕೂಡ ಹಿಂದಿನ ಸಲ ಬಳಸಿದ ಪ್ರಿಂಟರನ್ನು ಬೇರೆಯಾಗಿ ನೆನಪಿಟ್ಟುಕೊಳ್ಳುತ್ತದೆ, ಅಲ್ಲೂ ಒಂದು ಸಲ ಬದಲಾಯಿಸಿ.

ಎರಡನೆಯದಕ್ಕೆ ಅಕ್ರೋಬ್ಯಾಟ್ ರೀಡರಿನಲ್ಲಿ ತೆರೆದು ಪ್ರಿಂಟ್ ಕಿಟಕಿಯ ಅಡ್ವಾನ್ಸ್ಡ್ ಒತ್ತಿ, ಪ್ರಿಂಟ್ ಆ್ಯಸ್ ಇಮೇಜ್ ಗುರುತು ಹಾಕಿ. ಆಗ ಅಕ್ಷರಗಳನ್ನು ಅಕ್ಷರಗಳಾಗಿ ಕಳಿಸದೆ ಪುಟವನ್ನು ಚಿತ್ರವಾಗಿ ಕಳಿಸುತ್ತದೆ. ಸ್ವಲ್ಪ ನಿಧಾನ, ಆದರೆ ಪರದೆಯಲ್ಲಿ ಕಂಡ ಒತ್ತಕ್ಷರ ಕಂಡಲ್ಲೇ ಬೀಳುತ್ತದೆ. ಪರದೆಯಲ್ಲೇ ಅಕ್ಷರ ಹಾಳಾಗಿ ಕಂಡರೆ ಅದು ಬೇರೆ ಕತೆ. ನುಡಿ ಎಂಬ ಕನ್ನಡ ಸಾಫ್ಟ್‌ವೇರಿನ ಹಳೆಯ ಫಾಂಟುಗಳಲ್ಲಿ ಮಾಡಿದ ಫೈಲುಗಳಲ್ಲಿ ಕನ್ನಡವನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸಿರುತ್ತಾರೆ, ಆ ಫಾಂಟ್ ನಿಮ್ಮ ಹೊಸ ಕಂಪ್ಯೂಟರಿನಲ್ಲಿ ಇಲ್ಲದಿದ್ದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಹಳೆಯ ಹಾರ್ಡ್ ಡಿಸ್ಕ್ ಬದುಕಿದ್ದರೆ ಅದರ ಫಾಂಟ್ಸ್ ಫೋಲ್ಡರಿನಿಂದ ಎತ್ತಿಟ್ಟುಕೊಳ್ಳಿ. ಡಿಟಿಪಿ ಮಾಡುವವರಿಗೆ ಅದು ಆಸ್ತಿ.

ನಾನು ಲಿನಕ್ಸ್ ಬಳಸುವವನು. ಇಲ್ಲಿ 1020 ಇಟ್ಟುಕೊಂಡಿದ್ದೇನೆ, ಎಚ್‌ಪ್ಲಿಪ್ ಎಂಬ ಎಚ್‌ಪಿಯ ಲಿನಕ್ಸ್ ಡ್ರೈವರ್ ಮತ್ತು ಅದರ ಪ್ಲಗಿನ್ ಹಾಕಿದ ಮೇಲೆ ಚೆನ್ನಾಗಿ ಓಡುತ್ತಿದೆ. ಈಚಿನ ಪ್ರಿಂಟರುಗಳಿಗೆ ಅದೂ ಬೇಕಿಲ್ಲ. ಐಪಿಪಿ ಎಂಬ ಎಲ್ಲರಿಗೂ ಒಂದೇ ಆದ ಭಾಷೆಯನ್ನು ಯುಎಸ್‌ಬಿ ಕೇಬಲ್ಲಿನ ಮೇಲೂ ಮಾತಾಡುತ್ತವೆ. ಡೆಬಿಯನ್ ಎಂಬ ಲಿನಕ್ಸಿನ 2021ರ 11ನೇ ಆವೃತ್ತಿಯಿಂದ ಐಪಿಪಿ ಯುಎಸ್‌ಬಿ ಎಂಬುದು ಅದರ ಜೊತೆಗೇ ಬರುತ್ತದೆ. ಅಂಥ ಪ್ರಿಂಟರಿಗೆ ಕೇಬಲ್ ಚುಚ್ಚಿದರೆ ಸಾಕು, ಡ್ರೈವರ್ ಹುಡುಕುವ ಕೆಲಸವೇ ಇಲ್ಲ. ಮುಂದೆ ಎಂದಾದರೂ ಹೊಸದು ಕೊಳ್ಳುವಾಗ ಪೆಟ್ಟಿಗೆಯ ಮೇಲೆ ಏರ್‌ಪ್ರಿಂಟ್ ಅಥವಾ ಮೋಪ್ರಿಯಾ ಎಂದು ಬರೆದಿದೆಯೇ ನೋಡಿ, ಬೇರೆ ಡ್ರೈವರ್ ಬೇಡದ ಪ್ರಿಂಟರಿನ ಗುರುತು ಅದು.

ದಾವಣಗೆರೆ ರಿಪೇರಿ

ಸಾಗರದವರೇ, ಕೆಲಸ ಆದದ್ದು ಕೇಳಿ ಖುಷಿಯಾಯಿತು. ಮೇಲಿನವರು ಹೇಳಿದ ಐಪಿಪಿ ವಿಷಯಕ್ಕೆ ಒಂದು ಮಾತು ಸೇರಿಸುತ್ತೇನೆ, ನಿಮ್ಮ ಹಾಗೆ ಹಳೆಯ ಪ್ರಿಂಟರ್ ನಂಬಿಕೊಂಡ ಎಲ್ಲರಿಗೂ ಬೇಕಾದದ್ದು.

ಕಂಪನಿಗಳು ಮಾಡಿದ ಪ್ರಿಂಟರ್ ಡ್ರೈವರುಗಳನ್ನು ವಿಂಡೋಸ್ ಅಪ್‌ಡೇಟ್ ಮೂಲಕ ಹಂಚುವುದನ್ನು ಹಂತ ಹಂತವಾಗಿ ನಿಲ್ಲಿಸುತ್ತೇವೆ ಎಂದು ಮೈಕ್ರೋಸಾಫ್ಟ್ 2023ರ ಸೆಪ್ಟೆಂಬರಿನಲ್ಲೇ ಹೇಳಿದೆ. ಅಂದರೆ ಇಂದು ಓಡುತ್ತಿರುವುದು ನಾಳೆ ನಿಲ್ಲುತ್ತದೆ ಎಂದಲ್ಲ. ಕಂಪನಿಯ ಸೈಟಿನಿಂದ ಇಳಿಸಿ ಹಾಕುವ ದಾರಿ ಇದೆ. ಆದರೆ ಹಳೆಯ ಮಾಡೆಲ್ಲಿನ ಫೈಲನ್ನು ಆ ಸೈಟುಗಳು ಎಷ್ಟು ವರ್ಷ ಇಟ್ಟಿರುತ್ತವೆ ಎಂಬುದು ನಮ್ಮ ಕೈಯಲ್ಲಿಲ್ಲ. ಹಾಗಾಗಿ ಈಗ ಕೆಲಸ ಮಾಡಿದ ಆ ಸೆಟಪ್ ಫೈಲನ್ನು ಅಳಿಸಬೇಡಿ. ಪೆನ್ ಡ್ರೈವಿನಲ್ಲಿ ಒಂದು, ನಿಮ್ಮ ಇಮೇಲಿನ ಡ್ರೈವಿನಲ್ಲಿ ಒಂದು ಇಟ್ಟುಕೊಳ್ಳಿ. ನನ್ನ ಅಂಗಡಿಯಲ್ಲಿ ಹೀಗೆ ಎತ್ತಿಟ್ಟ ಡ್ರೈವರುಗಳ ಒಂದು ಇಡೀ ಹಾರ್ಡ್ ಡಿಸ್ಕ್ ಇದೆ. ಬಿಡಿಭಾಗಕ್ಕಿಂತ ಅದನ್ನೇ ಜಾಸ್ತಿ ಜೋಪಾನ ಮಾಡುತ್ತೇನೆ.

ಇನ್ನೊಂದು, ವಿಂಡೋಸ್ 11ರ 24ಎಚ್2 ಎಂಬ ಆವೃತ್ತಿಯಿಂದ ವಿಂಡೋಸ್ ಪ್ರೊಟೆಕ್ಟೆಡ್ ಪ್ರಿಂಟ್ ಮೋಡ್ ಎಂಬ ಸ್ವಿಚ್ ಬಂದಿದೆ. ಸುರಕ್ಷತೆಗೆ ಒಳ್ಳೆಯದೇ, ಆದರೆ ಅದು ಆನ್ ಆದರೆ ಕಂಪನಿಗಳ ಡ್ರೈವರುಗಳನ್ನೆಲ್ಲ ಪಕ್ಕಕ್ಕೆ ಸರಿಸುತ್ತದೆ, ನಿಮ್ಮ 2900 ಪಟ್ಟಿಯಿಂದಲೇ ಕಾಣೆಯಾಗುತ್ತದೆ. ಯಾರಾದರೂ ಬಂದು ಸೆಟ್ಟಿಂಗ್ಸ್ ಸರಿ ಮಾಡಿಕೊಡುತ್ತೇನೆ ಎಂದು ಅದನ್ನು ಒತ್ತದಂತೆ ನೋಡಿಕೊಳ್ಳಿ.

ಕೇಬಲ್ಲನ್ನು ಈಗ ಇರುವ ಪೋರ್ಟಿನಲ್ಲೇ ಬಿಡಿ. ಬೇರೆ ಪೋರ್ಟಿಗೆ ಚುಚ್ಚಿದರೆ ಎಷ್ಟೋ ಸಲ ವಿಂಡೋಸ್ ಅದನ್ನು ಇನ್ನೊಂದು ಪ್ರಿಂಟರ್ ಎಂದುಕೊಂಡು ಮತ್ತೆ ಕಾಪಿ 1 ಮಾಡುತ್ತದೆ. ಹಳೆಯದು ಆಫ್‌ಲೈನ್ ಆಗಿ ಕೂರುತ್ತದೆ, ಡೀಫಾಲ್ಟ್ ಮಾತ್ರ ಅದೇ ಆಗಿರುತ್ತದೆ. ನನಗೆ ಬರುವ ಫೋನುಗಳಲ್ಲಿ ಅರ್ಧ ಇದೇ.

ಸಾಗರ ಡಿಟಿಪಿ

ಎಲ್ಲರಿಗೂ ಮನಸಾರೆ ಧನ್ಯವಾದ. ಡೀಫಾಲ್ಟ್ ಸರಿ ಮಾಡಿದೆ, ಈಗ ಫೈಲಿನ ಹೆಸರು ಕೇಳುವುದಿಲ್ಲ. ಇಮೇಜ್ ಗುರುತು ಹಾಕಿದ ಮೇಲೆ ಆ ಕನ್ನಡ ಪಿಡಿಎಫ್ ಕೂಡ ಸರಿಯಾಗಿ ಬಂತು. ಹಳೆಯ ಹಾರ್ಡ್ ಡಿಸ್ಕ್ ಹೊರಗಿನಿಂದ ಜೋಡಿಸಿ ನೋಡಿದೆ, ಫಾಂಟುಗಳೆಲ್ಲ ಇವೆ, ಎತ್ತಿಟ್ಟುಕೊಂಡೆ. ಸೆಟಪ್ ಫೈಲ್ ಎರಡು ಕಡೆ ಇಟ್ಟಿದ್ದೇನೆ.

ಇವತ್ತು ಬೆಳಗ್ಗೆ ಎಂಟೂವರೆಗೇ ಬಾಗಿಲು ತೆಗೆದೆ. ಮಧ್ಯಾಹ್ನದವರೆಗೆ ನಲವತ್ತಕ್ಕೂ ಹೆಚ್ಚು ಅರ್ಜಿ ಹೋದವು. ತುಮರಿಯ ಕಡೆಯಿಂದ ಬಂದ ಒಬ್ಬಳು ಹುಡುಗಿ ಮೂರನೇ ಅಂಗಡಿಗೆ ಬಂದಿದ್ದೇನೆ ಅಣ್ಣ ಎಂದಳು, ಅವಳದೂ ಆಯಿತು. ಸಿಪಿಯು ಹಿಂದೆ ಪ್ರಿಂಟರಿನ ಪೋರ್ಟಿನ ಪಕ್ಕ ಬಿಳಿ ಟೇಪ್ ಅಂಟಿಸಿ, ಇದನ್ನು ಕೀಳಬೇಡಿ ಎಂದು ಕೆಂಪು ಪೆನ್ನಿನಲ್ಲಿ ಬರೆದಿದ್ದೇನೆ.